ಎಂಟು ಬರೆದರೆ ಸಾಲದು: ಭಾರದ ಬೈಕು ಮತ್ತು ನಿಧಾನದ ವಿಜ್ಞಾನ

ಸೈಕಲ್ಲಿನ ಚಕ್ರವೊಂದನ್ನು ಅಚ್ಚು ಹಿಡಿದು ರಭಸದಿಂದ ತಿರುಗಿಸಿ, ಅದನ್ನು ಓರೆ ಮಾಡಲು ವಿದ್ಯಾರ್ಥಿಗೆ ಹೇಳುವ ಪ್ರಯೋಗ ನಮ್ಮ ತರಗತಿಗಳಲ್ಲಿ ಜನಪ್ರಿಯ. ಚಕ್ರ ಪ್ರತಿರೋಧ ಒಡ್ಡುತ್ತದೆ. ಕೂಡಲೇ ಶಿಕ್ಷಕರು 'ಸೈಕಲ್ಲು, ಮೋಟಾರ್ ಸೈಕಲ್ಲು ಬೀಳದಿರುವುದು ಇದರಿಂದಲೇ' ಎಂದುಬಿಡುತ್ತಾರೆ. ಪ್ರಯೋಗ ಸರಿ, ತೀರ್ಮಾನ ಸರಿಯಲ್ಲ. ಇಂಗ್ಲೆಂಡಿನ ಡೇವಿಡ್ ಜೋನ್ಸ್ 1970ರಲ್ಲೇ ಮುಂಚಕ್ರದ ಪಕ್ಕ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಜೈರೋಸ್ಕೋಪ್ ಪರಿಣಾಮವನ್ನು ರದ್ದು ಮಾಡಿದರು. ಆ ಸೈಕಲ್ಲನ್ನು ಅವರು ಸುಲಭವಾಗಿ ಓಡಿಸಿದರು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಪರಿಣಾಮವೇ ಇಲ್ಲದ, ಸವಾರನೂ ಇಲ್ಲದ ವಾಹನವೊಂದು ತಾನಾಗಿ ನೆಟ್ಟಗೆ ಸಾಗುವುದನ್ನು ತೋರಿಸಿದರು.

ಈ ತಪ್ಪು ಪರೀಕ್ಷೆಯ ಎರಡು ಅಂಕಗಳಿಗೆ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. 'ವೇಗವೇ ಗಾಡಿಯನ್ನು ನಿಲ್ಲಿಸುತ್ತದೆ' ಎಂದು ನಂಬಿದವನು ವೇಗ ತಗ್ಗಿಸಬೇಕಾದ ಕಡೆ ಏನು ಮಾಡಬೇಕೆಂದು ಕಲಿತೇ ಇರುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ರಸ್ತೆಗಳನ್ನು ನೆನೆಯಿರಿ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರವಿದ ಜೋಳ, ತೊಗರಿ. ಎದುರಿಗೆ ಎರಡು ಟ್ರೇಲರ್ ಎಳೆದು ಬರುವ ಕಬ್ಬಿನ ಟ್ರ್ಯಾಕ್ಟರ್. ಡಾಂಬರಿನ ಅಂಚು ದಾಟಿದರೆ ಮಳೆಗೆ ಬೆಣ್ಣೆಯಂತಾದ ಎರೆ ಮಣ್ಣು. ಇಲ್ಲಿ ಪ್ರವಾಸಿ ಬೈಕು ಬೀಳುವುದು ಹೆಚ್ಚಾಗಿ ನಡಿಗೆಯ ವೇಗದಲ್ಲಿ.

ಲೆಕ್ಕ ನೋಡೋಣ. ಇಂದಿನ ಕ್ಲಾಸಿಕ್ 350 ಬುಲೆಟ್ಟಿನ ತೂಕ ಸುಮಾರು 195 ಕಿಗ್ರಾಂ. ಸಾಮಾನ್ಯ 100 ಸಿಸಿ ಬೈಕು 110 ಕಿಗ್ರಾಂ ಆಸುಪಾಸು. ಬುಲೆಟ್ಟಿನ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಗಾಡಿ 10° ವಾಲಿದಾಗ ಬೀಳಿಸುವ ಟಾರ್ಕ್ 195 × 9.8 × 0.5 × ಸೈನ್ 10°, ಅಂದರೆ ಸುಮಾರು 166 ನ್ಯೂಟನ್-ಮೀಟರ್. ಒಂದು ಮೀಟರ್ ಎತ್ತರದ ಹ್ಯಾಂಡಲ್ ಹಿಡಿದು ತಡೆಯಲು 17 ಕಿಲೋ ಭಾರದಷ್ಟು ಬಲ ಸಾಕು. ವಾಲಿಕೆ 30° ಆದರೆ ಅದು 49 ಕಿಲೋ ಆಗುತ್ತದೆ. ಆ ಹಂತದಲ್ಲಿ ಕಾಲು ಕೊಟ್ಟು ತಡೆಯುವ ಸಾಹಸ ಮಾಡಿದರೆ ಗಾಡಿಯ ಜೊತೆಗೆ ಮೊಣಕಾಲೂ ಹೋಗುತ್ತದೆ; ಬಿಟ್ಟು ಸರಿದು ನಿಲ್ಲುವುದೇ ಜಾಣತನ.

ಚಲಿಸುವಾಗ ಈ ಟಾರ್ಕನ್ನು ಸರಿದೂಗಿಸುವುದು ಯಾವುದು? ಗಾಡಿ ಯಾವ ಕಡೆ ವಾಲುತ್ತದೋ ಆ ಕಡೆಗೆ ಹ್ಯಾಂಡಲ್ ತಿರುಗಿದಾಗ ಚಕ್ರಗಳು ಗುರುತ್ವ ಕೇಂದ್ರದ ಅಡಿಗೆ ಓಡಿಬರುತ್ತವೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗನ ತಂತ್ರವೇ ಇದು. ಆದರೆ ತಿರುವಿನ ವೇಗೋತ್ಕರ್ಷ ವೇಗದ ವರ್ಗವನ್ನು ಅವಲಂಬಿಸುತ್ತದೆ. ವೇಗ ಅರ್ಧವಾದರೆ, ಅದೇ ತಿರುವಿನಲ್ಲಿ ಈ ನೆರವು ಕಾಲು ಭಾಗಕ್ಕೆ ಇಳಿಯುತ್ತದೆ. ಗಂಟೆಗೆ 36 ಕಿಮೀ ವೇಗದಲ್ಲಿ 30 ಮೀಟರ್ ತ್ರಿಜ್ಯದ ತಿರುವಿಗೆ 19° ವಾಲಿಕೆ ಸಮತೋಲದಲ್ಲಿರುತ್ತದೆ, 5.4 ಕಿಮೀ ವೇಗದಲ್ಲಿ 4 ಮೀಟರ್ ತ್ರಿಜ್ಯಕ್ಕೆ ಕೇವಲ 3°. ಅದಕ್ಕಿಂತ ಹೆಚ್ಚು ಗಾಡಿ ವಾಲಿದರೆ ಸವಾರ ತನ್ನ ಮೈಯನ್ನು ಹೊರಕ್ಕೆ ತಂದು ತೂಗಬೇಕು. ನುರಿತವರು ನಿಧಾನದ ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಬಾಗಿಸಿ ತಾವು ನೆಟ್ಟಗೆ ಕೂರುವುದು ಇದಕ್ಕೇ. ಅಂದಹಾಗೆ, ಈ ವೇಗದಲ್ಲಿ ಚಕ್ರ ನಿಮಿಷಕ್ಕೆ 45 ಸುತ್ತು ಕೂಡ ತಿರುಗುವುದಿಲ್ಲ. ಜೈರೋಸ್ಕೋಪ್ ಏನು ಮಾಡೀತು?

ಇನ್ನು ನಮ್ಮ ಪರವಾನಗಿ ಪರೀಕ್ಷೆ. ಕಾಲು ನೆಲಕ್ಕೆ ತಾಗಿಸದೆ '8' ಬರೆಯಬೇಕು. ಪರೀಕ್ಷೆಯ ಆಶಯ ಒಳ್ಳೆಯದೇ. ಆದರೆ ಹಗುರ ಬೈಕಿನಲ್ಲಿ ಎಂಟು ಬರೆದವನಿಗೆ ಸಿಗುವ 'ಗೇರ್‌ಸಹಿತ ಮೋಟಾರ್ ಸೈಕಲ್' ಪರವಾನಗಿಯಲ್ಲೇ ಮರುದಿನ 195 ಕಿಲೋ ಬುಲೆಟ್ಟನ್ನೂ ಓಡಿಸಬಹುದು. ಯುರೋಪಿನಲ್ಲಿ ಎಂಜಿನ್ನಿನ ಶಕ್ತಿಗೆ ತಕ್ಕಂತೆ ಪರವಾನಗಿಗೆ ಮೆಟ್ಟಿಲುಗಳಿವೆ. ಜಪಾನಿನ ಕ್ರಮ ನನಗೆ ಇನ್ನೂ ಹಿಡಿಸುತ್ತದೆ. 400 ಸಿಸಿ ಮೀರಿದ ಬೈಕಿಗೆ ಪರವಾನಗಿ ಬೇಡುವವರು 15 ಮೀಟರ್ ಉದ್ದ, 30 ಸೆಂಮೀ ಅಗಲದ ಹಲಗೆಯ ಮೇಲೆ ಹೋಗಬೇಕು, ಅದೂ 10 ಸೆಕೆಂಡಿಗಿಂತ ಬೇಗ ದಾಟದಂತೆ. ಅಲ್ಲಿ ಅವಸರಕ್ಕೆ ಅಂಕ ಕಡಿತ. ನಮ್ಮ ಎಂಟಿಗೆ ಇಂಥ ಕಾಲಮಿತಿಯಿಲ್ಲ. ಕೊಂಚ ರಭಸದಿಂದ ನುಗ್ಗಿದವನೂ ಪಾಸು.

ಕೌಶಲವೇನೋ ಗುಟ್ಟಿನದಲ್ಲ. ಎಕ್ಸಲರೇಟರನ್ನು ಒಂದೇ ಹದದಲ್ಲಿ ಹಿಡಿದು ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ತಳ್ಳಿಸಿಕೊಳ್ಳಬೇಕು, ಹಿಂದಿನ ಬ್ರೇಕಿನಿಂದ ಎಳೆದು ಹಿಡಿಯಬೇಕು. ಒಂದು ತಳ್ಳು, ಒಂದು ತಡೆ. ಇವೆರಡರ ನಡುವೆ ವೇಗ ಸೂಕ್ಷ್ಮವಾಗಿ ಹೊಂದುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಥಟ್ಟನೆ ನಿಂತು, ಎತ್ತಿ ಹಿಡಿಯುವ ನೆರವು ಮಾಯವಾಗಿ, ಒಳಮಗ್ಗುಲಿಗೆ ಮಲಗುತ್ತದೆ. ಬುಲೆಟ್ಟಿನ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಸ್ವಲ್ಪ ಹೊತ್ತಿನ ಅಭ್ಯಾಸವನ್ನು ತಾಳುತ್ತದೆ, ಗಂಟೆಗಟ್ಟಲೆ ಅಲ್ಲ.

ಯು-ತಿರುವಿಗೂ ಮಿತಿಯಿದೆ. ಚಕ್ರಗಳ ನಡುವಿನ ಅಂತರ 1.39 ಮೀಟರ್, ಮುಂಚಕ್ರ ನೆಲದ ಮೇಲೆ 35° ತಿರುಗಿದೆ ಎಂದರೆ ಹಿಂಚಕ್ರದ ತ್ರಿಜ್ಯ 2 ಮೀಟರ್, ಮುಂಚಕ್ರದ್ದು 2.4 ಮೀಟರ್. ತಿರುಗಲು ನಾಲ್ಕೂವರೆ ಮೀಟರಿಗೂ ಹೆಚ್ಚು ಅಗಲ ಬೇಕು. ಹಳ್ಳಿಯ ಒಂಟಿ ಪಥದ ಡಾಂಬರು ಸಾಮಾನ್ಯವಾಗಿ 3.75 ಮೀಟರ್. 20° ವಾಲಿಸಿದರೂ ತ್ರಿಜ್ಯ ಕುಗ್ಗುವುದು ಶೇ. 6 ಮಾತ್ರ. ಆದ್ದರಿಂದ ಗೆಳೆಯರೆದುರು ಒಂದೇ ಸುತ್ತಿಗೆ ತಿರುಗಿಸುವ ಹಟ ಬೇಡ, ಕಾಲಿಟ್ಟು ಹಿಂದೆ ಸರಿಸಿ ತಿರುಗಿಸಿ.

ಶಾಲೆಯಲ್ಲಿ ಇದನ್ನು ಕಲಿಸಲು ಬುಲೆಟ್ ಬೇಕಿಲ್ಲ, ಹದಿನೆಂಟು ತುಂಬದವರಿಗೆ ಅದು ಸಲ್ಲದು ಕೂಡ. ನಮ್ಮ ಶಾಲಾ ಕ್ರೀಡಾಕೂಟಗಳ ನಿಧಾನ ಸೈಕಲ್ ಸ್ಪರ್ಧೆ ಇದೆಯಲ್ಲ! ಸುಣ್ಣದಲ್ಲಿ 15 ಮೀಟರ್ ಗೆರೆ ಎಳೆದು, ಗಡಿಯಾರ ಹಿಡಿದು, ಪ್ರತಿ ಸವಾರ ಎಷ್ಟು ಸಲ ಹ್ಯಾಂಡಲ್ ಅಲುಗಿಸಿದ ಎಂದು ಎಣಿಸಿರಿ. ವೇಗ ಒಂದು ಅಕ್ಷ, ಎಣಿಕೆ ಇನ್ನೊಂದು ಅಕ್ಷ. ನಕ್ಷೆಯ ಗೆರೆ ಎಲ್ಲಿ ಕಡಿದಾಗಿ ಏರುತ್ತದೆ ಎಂಬುದನ್ನು ಮಕ್ಕಳೇ ಗುರುತಿಸಲಿ. ತಿರುಗುವ ಚಕ್ರದ ಪ್ರಯೋಗವನ್ನು ಅದಾದ ಮೇಲೆ ತೋರಿಸಿರಿ.