ಬಣವೆಗೆ ಜಾಗವಿಲ್ಲದ ನಕ್ಷೆ

2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳ ತನಕ ಬಿಡಲಿಲ್ಲ. ಉತ್ತರ ಕರ್ನಾಟಕದ ಹೊಳೆಗಳು ಊರು ಹೊಕ್ಕವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ದಾನಿಗಳನ್ನು ಕೂಡಿಸಿಕೊಂಡು ‘ಆಸರೆ’ ಯೋಜನೆಯಡಿ ಹೊಸ ಊರುಗಳನ್ನು ಕಟ್ಟಿಸಿತು. ಹತ್ತು ವರ್ಷದ ಮೇಲೆ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಹಲವು ಹಳೆಯ ಊರುಗಳಲ್ಲಿ ಜನ ಇನ್ನೂ ವಾಸವಾಗಿಯೇ ಇದ್ದರು. ಇದನ್ನು ಹಳ್ಳಿಯವರ ಹಟ ಅಂದುಬಿಡುವುದು ಸುಲಭ. ತಪ್ಪು ಇರುವುದು ಲೆಕ್ಕದಲ್ಲಿ ಎಂಬುದು ನನ್ನ ವಾದ. ಬಿದ್ದ ಮನೆಗಳ ಪಟ್ಟಿ ಕೈಯಲ್ಲಿತ್ತು, ಆ ಮನೆಗಳನ್ನು ಮನೆಯಾಗಿಸಿದ್ದ ನಂಟುಗಳ ನಕ್ಷೆ ಇರಲಿಲ್ಲ.

ಒಂದು ನಂಟನ್ನೇ ನೋಡಿ. ಎರೆಹೊಲದ ಜೋಳದ ಕಣಿಕೆ ಹಿತ್ತಲಲ್ಲಿ ಬಣವೆಯಾಗುತ್ತದೆ. ಬಣವೆ ಎತ್ತಿನ ಹೊಟ್ಟೆಗೆ, ಸಗಣಿ ತಿಪ್ಪೆಗೆ, ತಿಪ್ಪೆಗೊಬ್ಬರ ಚಕ್ಕಡಿಯೇರಿ ಮತ್ತೆ ಹೊಲಕ್ಕೆ. ಹೊಸ ಊರಿನ ಸಾಲುಮನೆಯ ಸಣ್ಣ ನಿವೇಶನದಲ್ಲಿ ಬಣವೆಗೆ ಜಾಗವಿಲ್ಲ, ಎತ್ತು ಕಟ್ಟಲು ಕೊಟ್ಟಿಗೆಯಿಲ್ಲ, ಹೊಲವೂ ದೂರ. ಅಲ್ಲಿಗೆ ಹೋದವನು ಎತ್ತು ಮಾರಬೇಕು. ಮಾರಿದವನಿಗೆ ಟ್ರ್ಯಾಕ್ಟರ್ ಬಾಡಿಗೆಗೂ ಚೀಲದ ಗೊಬ್ಬರಕ್ಕೂ ರೊಕ್ಕ ಬೇಕು, ರೊಕ್ಕಕ್ಕಾಗಿ ಗೋವಾದ ಬಸ್ಸು ಹತ್ತಬೇಕು. ಕೊಟ್ಟಿಗೆ ಬಿಟ್ಟುಹೋದದ್ದರ ಪರಿಣಾಮ ಗುಳೆಯ ತನಕ ಹೋಗಿ ಮುಟ್ಟುತ್ತದೆ. ಈ ಸರಪಳಿಯನ್ನು ಊರವರ ಕೈಯಿಂದಲೇ ಬರೆಸುವುದಕ್ಕೆ ಸಮುದಾಯದ ವ್ಯವಸ್ಥಾ ನಕ್ಷೆ ಎನ್ನುತ್ತಾರೆ. ಹೆಸರು ಹೊಸದಿರಬಹುದು, ಕಸುಬು ನಮಗೆ ಹೊಸದಲ್ಲ. ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲು ಇಟ್ಟು ಹಳ್ಳಿಯವರು ನಕ್ಷೆ ಬರೆಯುವ ಪದ್ಧತಿಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡಾ ಸಂಸ್ಥೆಯೂ ಒಂದು, ಅದೂ 1990ರ ಆಸುಪಾಸಿನಲ್ಲೇ.

ನಮ್ಮ ಗಡಿಯಾಚೆ ಮಹಾರಾಷ್ಟ್ರದಲ್ಲಿ ಪಾಠವೂ ಸಿದ್ಧವಿತ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ 52 ಊರುಗಳನ್ನು ಎಬ್ಬಿಸಿ ಬೇರೆಡೆ ನೆಟ್ಟರು. ಹೊಲ ಎಷ್ಟಿದೆಯೋ ಅದರ ಮೇಲೆ 250, 400, 750 ಚದರಡಿಯ ಮನೆಗಳು. ಒಂದೊಂದು ಅಳತೆಯ ಮನೆಗಳನ್ನು ಒಂದೊಂದು ಕಡೆ ಸಾಲುಗಟ್ಟಿಸಿದಲ್ಲಿ ಅಣ್ಣತಮ್ಮಂದಿರು, ನೆರೆಹೊರೆಯವರು ಚದುರಿದರು. ಊರು ಹಿಗ್ಗಿ, ನಡುವೆ ಅಗಲ ರಸ್ತೆಗಳು ಬಂದವು. ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು ಕೂಲಿಗೆ ಹೋಗುತ್ತಿದ್ದವಳಿಗೆ ಆ ಪಕ್ಕದ ಮನೆಯೇ ಇಲ್ಲವಾಯಿತು. ಅದೇ ಕಾರ್ಯಕ್ರಮದ ದುರಸ್ತಿ ಭಾಗದಲ್ಲಿ ಊರಿನ ಹೆಂಗಸರನ್ನೇ ‘ಸಂವಾದ ಸಹಾಯಕ’ರಾಗಿ ನೇಮಿಸಿದ್ದು ಮಾತ್ರ ಒಳ್ಳೆಯ ಕೆಲಸ.

ಶೆಡ್ಡಿನಲ್ಲಿ ಮಲಗಿದವರ ಮುಂದೆ ನಕ್ಷೆ ಬರೆಯುತ್ತ ಕೂರಬೇಕೇ ಎಂಬ ಆಕ್ಷೇಪವಿದೆ. ಅನ್ನ, ಔಷಧಿ, ತಾತ್ಕಾಲಿಕ ಸೂರು ಕಾಯಲಾರವು, ನಿಜ. ಆದರೆ ಶಾಶ್ವತ ಊರಿಗೆ ಹೇಗೂ ವರ್ಷಗಳು ಹಿಡಿಯುತ್ತವೆ, ಅದರಲ್ಲಿ ನಕ್ಷೆ ಕೇಳುವುದು ಕೆಲವೇ ವಾರ. ಜನರನ್ನು ಕೇಳಿದರೆ ಹೊಳೆದಂಡೆಯನ್ನೇ ತೋರಿಸುತ್ತಾರೆ ಎನ್ನುವವರು ನಕ್ಷೆಯನ್ನು ಮತಪತ್ರ ಎಂದು ತಿಳಿದಿದ್ದಾರೆ. ನೀರು ಏರಿದ ಗೆರೆಯೂ ಅದೇ ನಕ್ಷೆಯ ಮೇಲೆ ಬೀಳಬೇಕು, ಅದನ್ನು ಊರ ಹಿರಿಯರೇ ಗೋಡೆಯ ಮೇಲೆ ಬೆರಳಿಟ್ಟು ತೋರಿಸಬಲ್ಲರು. ನನ್ನನ್ನು ಹೆಚ್ಚು ಕಾಡುವುದು ಬೇರೆ ಪ್ರಶ್ನೆ: ರಂಗೋಲಿ ಪುಡಿ ಯಾರ ಕೈಯಲ್ಲಿ? ಗೌಡರ ಅಂಗಳದಲ್ಲಿ ಬರೆದ ನಕ್ಷೆಯಲ್ಲಿ ಕೇರಿ ಒಂದು ಚುಕ್ಕೆಯಾಗಿ ಮುಗಿದೀತು. ಕೇರಿಯವರು, ಹೆಂಗಸರು, ಹೊಲವಿಲ್ಲದವರು ಬೇರೆಬೇರೆ ಬರೆಯಲಿ. ಆ ನಕ್ಷೆಗಳು ಒಂದಕ್ಕೊಂದು ಹೊಂದದ ಜಾಗಗಳಲ್ಲೇ ಕೆಲಸದ ಸಂಗತಿ ಇರುತ್ತದೆ. ಇಷ್ಟಾದರೂ ನಕ್ಷೆಗೆ ಆದೇಶದ ಬಲ ಬರುವುದಿಲ್ಲ. ಜಲಾನಯನ ಯೋಜನೆಗಳಲ್ಲಿ ಎಷ್ಟೋ ಕಡೆ ಅದು ಫೈಲಿಗೊಂದು ಫೋಟೊ ಆಗಿ ಉಳಿಯಿತು. ನೆಲದ ಮೇಲಿನ ಪುಡಿಯನ್ನು ಸಂಜೆ ಗುಡಿಸಿದ ಮೇಲೆ ಕಾಗದಕ್ಕಿಳಿಸಿದ ಪ್ರತಿ ಪಂಚಾಯ್ತಿಯಲ್ಲಿ ಉಳಿಯಿತೋ ಇಲ್ಲವೋ, ನಿವೇಶನದ ಅಳತೆ ಹಾಕುವ ಎಂಜಿನಿಯರು ಅದನ್ನು ಬಿಚ್ಚಿ ನೋಡಿದರೋ ಇಲ್ಲವೋ, ಮನೆ ಹಂಚಿ ಎರಡು ವರ್ಷವಾದ ಮೇಲೆ ಅದೇ ಜನರಿಂದ ಮತ್ತೊಮ್ಮೆ ಬರೆಸಿದರೋ ಇಲ್ಲವೋ: ಈ ಪದ್ಧತಿಯನ್ನು ನಾನು ಅಳೆಯುವುದು ಇವುಗಳಿಂದ.