ಗಂಟೆಯ ಲೆಕ್ಕವೂ ಶಿಕ್ಷಣದ ಗುಣವೂ: ಒಂದು ಅಪಘಾತ ವರದಿಯ ವಿಮರ್ಶೆ

೧

ಶಾಸನಗಳನ್ನೂ ಹಳೆಯ ಕಾಗದಪತ್ರಗಳನ್ನೂ ಓದುವ ಇತಿಹಾಸದ ಅಧ್ಯಾಪಕನು ವಿಮಾನಾಪಘಾತದ ವಿಚಾರಣಾ ವರದಿಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅಂತಹ ವರದಿಯೂ ಒಂದು ದಾಖಲೆಯೇ. ಅದು ಸಾಕ್ಷ್ಯಗಳನ್ನು ಕಲೆಹಾಕುತ್ತದೆ, ಅವುಗಳ ಬಲಾಬಲವನ್ನು ತೂಗುತ್ತದೆ, ಕಾರಣವನ್ನು ನಿರ್ಣಯಿಸುತ್ತದೆ. ಆ ನಿರ್ಣಯದ ಹಿಂದೆಯೇ ಕಾಯಿದೆಗಳು ಹುಟ್ಟುತ್ತವೆ. ಸಾಕ್ಷ್ಯಕ್ಕೂ ನಿರ್ಣಯಕ್ಕೂ, ನಿರ್ಣಯಕ್ಕೂ ಕಾಯಿದೆಗೂ ಇರುವ ನಂಟು ಎಷ್ಟು ಗಟ್ಟಿಯಾದುದೆಂದು ಪರೀಕ್ಷಿಸುವುದು ಇತಿಹಾಸ ವಿಮರ್ಶೆಯ ಸಹಜ ಕಾರ್ಯ.

ಪ್ರಕೃತ ಲೇಖನದ ವಸ್ತು, ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ೨೦೧೦ರ ಫೆಬ್ರವರಿ ೨ರಂದು ಅಂಗೀಕರಿಸಿದ ವರದಿ. ಕೊಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ೩೪೦೭ನೆಯ ವಿಮಾನವು ೨೦೦೯ರ ಫೆಬ್ರವರಿ ೧೨ರ ರಾತ್ರಿ ನ್ಯೂಅರ್ಕಿನಿಂದ ಬಫಲೋ ನಗರಕ್ಕೆ ಬಂದಿಳಿಯುವ ಹೊತ್ತಿನಲ್ಲಿ, ಕ್ಲಾರೆನ್ಸ್ ಸೆಂಟರ್ ಎಂಬಲ್ಲಿ ಮನೆಯೊಂದರ ಮೇಲೆ ಬಿದ್ದಿತು. ವಿಮಾನದಲ್ಲಿದ್ದ ೪೯ ಮಂದಿಯೂ ಮನೆಯಲ್ಲಿದ್ದ ಒಬ್ಬರೂ ಮೃತರಾದರು. ಈ ವರದಿಯನ್ನು ಅನುಸರಿಸಿ ಬಂದ ಕಾಯಿದೆಯು ವಿಮಾನಚಾಲಕರ ನೇಮಕದ ನಿಯಮಗಳನ್ನು ಬದಲಾಯಿಸಿತು. ಆ ಬದಲಾವಣೆಯಲ್ಲಿ ಜನರ ಕಿವಿಗೆ ಬಿದ್ದದ್ದು ಮುಖ್ಯವಾಗಿ ಒಂದು ಸಂಖ್ಯೆ: ೧೫೦೦ ಗಂಟೆ. ವರದಿಯನ್ನು ಆದ್ಯಂತವಾಗಿ ಓದಿದವರಿಗೆ ಏಳುವ ಪ್ರಶ್ನೆಯೆಂದರೆ, ಈ ಸಂಖ್ಯೆ ವರದಿಯ ಯಾವ ಭಾಗದಿಂದ ಬಂದಿತು ಎಂಬುದು.

೨

ಮೊದಲು ವರದಿ ನಿರೂಪಿಸುವ ಘಟನೆಯನ್ನು ನೋಡೋಣ. ಚಳಿಗಾಲದ ಆ ರಾತ್ರಿ ರೆಕ್ಕೆಗಳ ಮೇಲೆ ಹಿಮ ಕಟ್ಟುತ್ತಿದ್ದುದು ನಿಜ. ಅಪಘಾತಕ್ಕೆ ಹಿಮವೇ ಕಾರಣವೆಂಬ ಊಹೆ ಮೊದಮೊದಲು ಹಬ್ಬಿತು. ವರದಿ ಅದನ್ನು ಸಾಕ್ಷ್ಯಸಮೇತ ತಳ್ಳಿಹಾಕುತ್ತದೆ. ಇಳಿಯುವ ಸಿದ್ಧತೆಯಲ್ಲಿ ವಿಮಾನದ ವೇಗ ಕುಗ್ಗುತ್ತಿದ್ದುದನ್ನು ಚಾಲಕರಿಬ್ಬರೂ ಗಮನಿಸಲಿಲ್ಲ. ವೇಗ ಒಂದು ಮಿತಿಗಿಂತ ಕೆಳಗಿಳಿದಾಗ ಚಾಲಕನ ಕೈಯಲ್ಲಿರುವ ಹಿಡಿಕೆಯನ್ನೇ ನಡುಗಿಸಿ ಎಚ್ಚರಿಸುವ 'ಸ್ಟಿಕ್ ಶೇಕರ್' ಎಂಬ ಸಾಧನವಿದೆ. ಅದು ತನ್ನ ಕೆಲಸವನ್ನು ಮಾಡಿತು. ಆಗಿನ್ನೂ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡಿರಲಿಲ್ಲ. ವಿಮಾನದ ಮೂತಿಯನ್ನು ತಗ್ಗಿಸಿ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ಹೆಚ್ಚಿಸಿದ್ದರೆ ಚೇತರಿಸಿಕೊಳ್ಳಬಹುದಾಗಿತ್ತು. ಆದರೆ ಮುಖ್ಯ ಚಾಲಕನು ಹಿಡಿಕೆಯನ್ನು ತನ್ನತ್ತ ಎಳೆದನು. ಮೂತಿ ಮೇಲೆದ್ದಿತು, ವಿಮಾನ 'ಸ್ಟಾಲ್' ಆಯಿತು. ಹಿಡಿಕೆಯನ್ನು ತಾನಾಗಿ ಮುಂದಕ್ಕೆ ನೂಕುವ 'ಸ್ಟಿಕ್ ಪುಷರ್' ಎಂಬ ಇನ್ನೊಂದು ಸಾಧನ ಮೂರು ಸಲ ಕೆಲಸಮಾಡಿತು. ಮೂರು ಸಲವೂ ಅವನು ಅದಕ್ಕೆದುರಾಗಿ ಎಳೆದನು. ಸಹಚಾಲಕಿಯು, ಯಾರ ಆದೇಶವೂ ಇಲ್ಲದೆ, ರೆಕ್ಕೆಯ ಫ್ಲಾಪುಗಳನ್ನು ಮಡಿಚಿದಳು. ಅದರಿಂದ ಸ್ಥಿತಿ ಮತ್ತಷ್ಟು ಕೆಟ್ಟಿತು. ಮೊದಲ ಎಚ್ಚರಿಕೆಯಿಂದ ನೆಲಕ್ಕೆ ಅಪ್ಪಳಿಸುವವರೆಗೆ ಅರ್ಧ ನಿಮಿಷವೂ ಕಳೆದಿರಲಿಲ್ಲ.

ಸಂಭವನೀಯ ಕಾರಣವೆಂದು ಮಂಡಳಿ ಹೇಳಿದ್ದು ಇದನ್ನೇ: ಎಚ್ಚರಿಕೆಗೆ ಮುಖ್ಯ ಚಾಲಕನು ತೋರಿದ ಅನುಚಿತ ಪ್ರತಿಕ್ರಿಯೆ. ವೇಗವನ್ನು ಗಮನಿಸದಿರುವುದು, ಇಳಿಯುವ ಘಟ್ಟದಲ್ಲಿ ನಿಷಿದ್ಧವಾದ ಹರಟೆ, ಚಾಲಕನ ಮೇಲ್ವಿಚಾರಣೆಯ ಕೊರತೆ, ಹಿಮದ ಸನ್ನಿವೇಶದಲ್ಲಿ ವೇಗವನ್ನು ನಿಶ್ಚಯಿಸುವ ಬಗೆಗೆ ಸಂಸ್ಥೆಯ ವಿಧಾನಗಳ ಕೊರತೆ, ಇವು ಪೋಷಕ ಕಾರಣಗಳು.

ಇಲ್ಲಿ ವರದಿಯ ರೂಪವನ್ನು ಕುರಿತೇ ಒಂದು ಮಾತನ್ನು ಹೇಳಬೇಕಾಗಿದೆ. 'ಸಂಭವನೀಯ ಕಾರಣ' ಎಂಬ ಚೌಕಟ್ಟು ದೋಷವನ್ನು ಹಿಡಿಕೆಯ ಮೇಲಿದ್ದ ಕಟ್ಟಕಡೆಯ ಕೈಯತ್ತ ಎಳೆಯುತ್ತದೆ. ಆ ಕೈಗೆ ಪಾಠ ಹೇಳಿದವರಾರು, ಅದನ್ನು ಪರೀಕ್ಷಿಸಿ ಒಪ್ಪಿದವರಾರು ಎಂಬ ವಿಚಾರ ವರದಿಯ ಒಡಲಲ್ಲಿ ವಿಸ್ತಾರವಾಗಿದೆ. ನಿರ್ಣಯದ ವಾಕ್ಯದಲ್ಲಿ ಮಾತ್ರ ಅದರ ಸುಳಿವಿಲ್ಲ. ಸಹಚಾಲಕಿಯು ಹಿಂದಿನ ರಾತ್ರಿ ಸಿಯಾಟಲ್ಲಿನಿಂದ ಮೆಂಫಿಸ್ ಮಾರ್ಗವಾಗಿ ನ್ಯೂಅರ್ಕಿಗೆ ಪ್ರಯಾಣಮಾಡಿ ಬಂದಿದ್ದಳು. ಮುಖ್ಯ ಚಾಲಕನು ನ್ಯೂಅರ್ಕಿನ ಸಿಬ್ಬಂದಿಯ ಕೊಠಡಿಯಲ್ಲಿ ರಾತ್ರಿಯನ್ನು ಕಳೆದಿದ್ದನು. ಆದರೂ ದಣಿವನ್ನು ಪೋಷಕ ಕಾರಣವೆಂದು ಮಂಡಳಿ ಎಣಿಸಲಿಲ್ಲ. ಎಣಿಸಬೇಕಾಗಿತ್ತೆಂದು ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ಅವರು ಪ್ರತ್ಯೇಕ ಟಿಪ್ಪಣಿಯಲ್ಲಿ ವಾದಿಸಿದ್ದಾರೆ. ಒಂದೇ ದಾಖಲೆಯೊಳಗಿನ ಈ ಭಿನ್ನಸ್ವರ ಗಮನಾರ್ಹವಾದುದು.

೩

ಶಿಕ್ಷಣದ ವಿಷಯದಲ್ಲಿ ವರದಿ ಹೇಳುವುದೇನು? ಅಂದಿನ ವಿಮಾನಸಂಸ್ಥೆಗಳಲ್ಲಿ ಸ್ಟಾಲ್ ಸಮೀಪಿಸುವ ಸ್ಥಿತಿಯಿಂದ ಹೊರಬರುವ ಅಭ್ಯಾಸ ನಡೆಯುತ್ತಿತ್ತು. ಆದರೆ ಅದು ಮೊದಲೇ ತಿಳಿಸಿ ಮಾಡಿಸುವ ಅಭ್ಯಾಸ. ಶಿಷ್ಯನು ಎಚ್ಚರಿಕೆಯನ್ನು ಎದುರುನೋಡುತ್ತಲೇ ಇರುತ್ತಿದ್ದನು. ಎತ್ತರವನ್ನು ಆದಷ್ಟು ಕಡಮೆ ಕಳೆದುಕೊಂಡು ಚೇತರಿಸಿಕೊಳ್ಳುವುದೇ ಪರೀಕ್ಷೆಯ ಗುರಿಯಾಗಿತ್ತು. ಮೂತಿ ತಗ್ಗಿಸಲು ಹಿಂಜರಿಯುವ ಅಭ್ಯಾಸವನ್ನು ಇದು ಬೆಳೆಸುವಂತಹುದು. ಪೂರ್ಣ ಸ್ಟಾಲಿನಿಂದ ಹೊರಬರುವುದು ಪಾಠಕ್ರಮದಲ್ಲಿರಲಿಲ್ಲ. ಪುಷರನ್ನು ಕುರಿತು ತರಗತಿಯಲ್ಲಿ ಹೇಳುತ್ತಿದ್ದರೇ ಹೊರತು ಸಿಮ್ಯುಲೇಟರಿನಲ್ಲಿ ಅದರ ಅಭ್ಯಾಸವನ್ನು ಕಡ್ಡಾಯ ಮಾಡಿರಲಿಲ್ಲ. ಅಂದರೆ, ಆ ರಾತ್ರಿ ಒದಗಿದ ಸನ್ನಿವೇಶವನ್ನು ಆ ಚಾಲಕರಿಗೆ ಯಾರೂ ಕಲಿಸಿರಲಿಲ್ಲ.

ನೇಮಕದ ವಿಷಯದಲ್ಲಿ ವರದಿ ತೆರೆದಿಡುವ ಸಂಗತಿ ಇನ್ನೂ ಗಂಭೀರವಾದುದು. ಮುಖ್ಯ ಚಾಲಕನು ಸಂಸ್ಥೆಯನ್ನು ಸೇರುವ ಮುನ್ನ ಸರ್ಕಾರದ ಪರವಾನಗಿ ಪರೀಕ್ಷೆಗಳಲ್ಲಿ ಮೂರು ಸಲ ಅನುತ್ತೀರ್ಣನಾಗಿದ್ದನು. ಅರ್ಜಿಯಲ್ಲಿ ಅವನು ತಿಳಿಸಿದ್ದು ಒಂದನ್ನು ಮಾತ್ರ. ಸೇರಿದ ಮೇಲೂ ಅವನು ಪರೀಕ್ಷೆಗಳಲ್ಲಿ ಎಡವಿದ್ದುಂಟು. ಹೀಗೆ ಮತ್ತೆ ಮತ್ತೆ ಎಡವುವವರನ್ನು ಗುರುತಿಸಿ ವಿಶೇಷ ಶಿಕ್ಷಣ ಕೊಡುವ ಕ್ರಮಬದ್ಧ ವ್ಯವಸ್ಥೆ ಸಂಸ್ಥೆಯಲ್ಲಿರಲಿಲ್ಲ. ಹಿಂದಿನ ಸೋಲುಗಳ ವಿವರವನ್ನು ಅಭ್ಯರ್ಥಿಯ ಒಪ್ಪಿಗೆಯಿಂದ ಸರ್ಕಾರದಿಂದ ಪಡೆಯಬಹುದಾಗಿತ್ತು. ಆದರೆ ಕಾಯಿದೆ ಅದನ್ನು ಕಡ್ಡಾಯ ಮಾಡಿರಲಿಲ್ಲ.

ಈ ಕೊರತೆ ಹೊಸದಲ್ಲ. ೧೯೯೪ರ ಡಿಸೆಂಬರ್ ೧೩ರಂದು ಉತ್ತರ ಕೆರೊಲಿನಾದ ರಾಲೀ-ಡರ್ಹಮ್ ವಿಮಾನನಿಲ್ದಾಣದ ಬಳಿ ಅಮೆರಿಕನ್ ಈಗಲ್ ಹೆಸರಿನಲ್ಲಿ ಹಾರುತ್ತಿದ್ದ ಪ್ರಾದೇಶಿಕ ವಿಮಾನವೊಂದು ಬಿದ್ದು ೨೦ ಮಂದಿಯಲ್ಲಿ ೧೫ ಮಂದಿ ಸತ್ತರು. ಅದರ ಚಾಲಕನ ಬಗೆಗೆ ಹಿಂದಿನ ಸಂಸ್ಥೆಗೆ ಇದ್ದ ಅತೃಪ್ತಿ ಹೊಸ ಸಂಸ್ಥೆಗೆ ತಿಳಿದೇ ಇರಲಿಲ್ಲ. ಅದರ ತರುವಾಯ, ೧೯೯೬ರಲ್ಲಿ, ಹಿಂದಿನ ಮಾಲೀಕರಿಂದ ಐದು ವರ್ಷಗಳ ದಾಖಲೆಗಳನ್ನು ತರಿಸಬೇಕೆಂಬ ಕಾಯಿದೆ ಬಂದಿತು. ಸರ್ಕಾರಿ ಪರೀಕ್ಷೆಗಳ ಸೋಲು ಮಾತ್ರ ಅದರ ಬಲೆಗೆ ಸಿಕ್ಕಲಿಲ್ಲ. ಆ ಕಿಂಡಿಯ ಮೂಲಕವೇ ೨೦೦೫ರ ನೇಮಕ ನಡೆಯಿತು.

೪

ಈಗ ೨೦೧೦ರ ಆಗಸ್ಟ್ ೧ರಂದು ಅಂಕಿತವಾದ ಕಾಯಿದೆಗೆ ಬರೋಣ. ಮೃತರ ಕುಟುಂಬಗಳ ದೃಢವಾದ ಹೋರಾಟವಿಲ್ಲದಿದ್ದರೆ ಅದು ಹುಟ್ಟುತ್ತಿರಲಿಲ್ಲ. ಆ ಗೌರವ ಅವರಿಗೆ ಸಲ್ಲತಕ್ಕದ್ದು. ಅದರಲ್ಲಿ ಹಲವು ಅಂಶಗಳಿದ್ದವು: ಸ್ಟಾಲ್ ಶಿಕ್ಷಣದ ಸುಧಾರಣೆ, ಚಾಲಕರ ದಾಖಲೆಗಳ ರಾಷ್ಟ್ರೀಯ ಭಂಡಾರ, ದಣಿವಿನ ನಿಯಂತ್ರಣ, ಮತ್ತು ಸಹಚಾಲಕರಿಗೂ ಉನ್ನತ ದರ್ಜೆಯ ಪರವಾನಗಿ, ಅರ್ಥಾತ್ ೧೫೦೦ ಗಂಟೆಗಳ ಹಾರಾಟ. ಅದಕ್ಕೆ ಮುಂಚೆ ಸಹಚಾಲಕನಿಗೆ ಸುಮಾರು ೨೫೦ ಗಂಟೆಗಳ ವಾಣಿಜ್ಯ ಪರವಾನಗಿ ಸಾಕಾಗಿತ್ತು.

ಸಾಕ್ಷ್ಯವನ್ನು ಈ ಸಂಖ್ಯೆಯೊಡನೆ ಹೋಲಿಸಿ ನೋಡಬೇಕು. ಅಪಘಾತದ ದಿನ ಮುಖ್ಯ ಚಾಲಕನ ಹಾರಾಟ ೩೩೭೯ ಗಂಟೆ, ಸಹಚಾಲಕಿಯದು ೨೨೪೪. ಇಬ್ಬರೂ ಹೊಸ ಮಿತಿಯನ್ನು ದಾಟಿದವರೇ. ನೇಮಕದ ಕಾಲಕ್ಕೆ ಮುಖ್ಯ ಚಾಲಕನದು ೬೦೦ಕ್ಕೆ ಸ್ವಲ್ಪ ಮಿಕ್ಕ ಗಂಟೆಗಳಾದ್ದರಿಂದ, ಹೊಸ ನಿಯಮ ಅವನನ್ನು ಕೆಲಕಾಲ ತಡೆದು ನಿಲ್ಲಿಸುತ್ತಿದ್ದುದು ನಿಜ; ಆದರೆ ತಡೆದು ನಿಲ್ಲಿಸುವುದು ಬೇರೆ, ತಿದ್ದುವುದು ಬೇರೆ. ಮಂಡಳಿಯ ಶಿಫಾರಸುಗಳಲ್ಲಿ ೧೫೦೦ ಎಂಬ ಸಂಖ್ಯೆಯೇ ಕಾಣಬರುವುದಿಲ್ಲ.

ಕಾಯಿದೆಯ ಅಂಶಗಳು ಜಾರಿಗೆ ಬಂದ ಅನುಕ್ರಮ ಇದಕ್ಕಿಂತಲೂ ಬೋಧಪ್ರದವಾಗಿದೆ. ಗಂಟೆಯ ನಿಯಮ ಮೂರು ವರ್ಷಗಳಲ್ಲಿ, ೨೦೧೩ರಲ್ಲಿ ಜಾರಿಯಾಯಿತು. ಪೂರ್ಣ ಸ್ಟಾಲಿನ ಶಿಕ್ಷಣ ಸಿಮ್ಯುಲೇಟರಿನಲ್ಲಿ ಕಡ್ಡಾಯವಾದುದು ೨೦೧೯ರಲ್ಲಿ. ದಾಖಲೆಗಳ ಭಂಡಾರದ ಅಂತಿಮ ನಿಯಮ ಹೊರಬಿದ್ದದ್ದು ೨೦೨೧ರಲ್ಲಿ. ಎಣಿಸಲು ಸುಲಭವಾದುದು ಮೊದಲು ಬಂದಿತು. ಗುಣವನ್ನು ಅಳೆಯುವಂತಹುದು ಕಡೆಗೆ ಬಂದಿತು. ವರದಿ ಯಾವುದನ್ನು ಮುಖ್ಯವೆಂದಿತೋ ಅದು ಹಿಂದೆ ಉಳಿಯಿತು.

ಈ ವಿಳಂಬಕ್ಕೆ ತೆತ್ತ ಬೆಲೆ ಎಂತಹುದೆಂಬುದನ್ನು ೨೦೧೯ರ ಫೆಬ್ರವರಿ ೨೩ರ ಘಟನೆ ತೋರಿಸಿತು. ಅಟ್ಲಾಸ್ ಏರ್ ಸಂಸ್ಥೆಯ ಸರಕಿನ ವಿಮಾನವೊಂದು ಟೆಕ್ಸಾಸಿನ ಟ್ರಿನಿಟಿ ಕೊಲ್ಲಿಯಲ್ಲಿ ಬಿದ್ದು ಮೂವರು ಮೃತರಾದರು. ಹಾರಿಸುತ್ತಿದ್ದ ಸಹಚಾಲಕನಿಗೆ ೫೦೦೦ಕ್ಕೂ ಮಿಕ್ಕ ಗಂಟೆಗಳ ಅನುಭವವಿತ್ತು. ಹಲವು ಪ್ರಾದೇಶಿಕ ಸಂಸ್ಥೆಗಳ ತರಬೇತಿಯಲ್ಲಿ ಎಡವಿದ್ದ ಸಂಗತಿಯನ್ನು ಅವನು ಮರೆಮಾಚಿದ್ದನು. ವಿಮಾನಯಾನ ಉದ್ಯಮದ ಆಯ್ಕೆ ಪದ್ಧತಿಯ ಕೊರತೆಯನ್ನೂ ದಾಖಲೆಗಳ ಭಂಡಾರವನ್ನು ಸರ್ಕಾರವು ಇನ್ನೂ ಸ್ಥಾಪಿಸದಿದ್ದುದನ್ನೂ ಮಂಡಳಿಯು ೨೦೨೦ರ ವರದಿಯಲ್ಲಿ ಪೋಷಕ ಕಾರಣಗಳಾಗಿ ಎಣಿಸಿತು. ೧೯೯೪, ೨೦೦೯, ೨೦೧೯: ಕಾಲು ಶತಮಾನದಲ್ಲಿ ಮೂರು ಸಲ ಒಂದೇ ಕಿಂಡಿ.

೫

ಪ್ರತಿವಾದವನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ಕೊಲ್ಗನ್ ಅಪಘಾತದ ತರುವಾಯ ಸುಮಾರು ೧೬ ವರ್ಷಗಳ ಕಾಲ, ಅಂದರೆ ೨೦೨೫ರ ಜನವರಿ ೨೯ರಂದು ವಾಷಿಂಗ್‌ಟನ್ನಿನಲ್ಲಿ ಪ್ರಾದೇಶಿಕ ವಿಮಾನವೊಂದು ಸೇನೆಯ ಹೆಲಿಕಾಪ್ಟರಿಗೆ ಢಿಕ್ಕಿಯಾಗಿ ೬೭ ಮಂದಿ ಸಾಯುವವರೆಗೆ, ಅಮೆರಿಕದ ಪ್ರಯಾಣಿಕ ಸಂಸ್ಥೆಗಳಲ್ಲಿ ಹತ್ತಾರು ಜನರನ್ನು ಬಲಿಗೊಂಡ ಅಪಘಾತ ನಡೆಯಲಿಲ್ಲ. ಇದು ಗಂಟೆಯ ನಿಯಮದ ಫಲವೆಂದು ಅದರ ಸಮರ್ಥಕರು ಹೇಳುತ್ತಾರೆ. ಅದು ಅಸಂಭವವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಅವಧಿಯಲ್ಲಿ ದಣಿವಿನ ನಿಯಮ ಬಂದಿತು. ಉನ್ನತ ಪರವಾನಗಿಯ ಪರೀಕ್ಷೆಗೆ ಮುನ್ನ ತರಗತಿಯ ಪಾಠವೂ ಸಿಮ್ಯುಲೇಟರಿನ ಅಭ್ಯಾಸವೂ ಕಡ್ಡಾಯವಾದವು. ಸ್ಟಾಲ್ ಶಿಕ್ಷಣ ಬದಲಾಯಿತು. ಇಷ್ಟೊಂದು ಕಾರಣಗಳು ಕೂಡಿರುವಾಗ ಫಲವನ್ನು ಒಂದಕ್ಕೇ ಕಟ್ಟುವುದು ಕಾಗೆ ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸಿದಂತೆ. ಸೈನ್ಯದಿಂದ ಬಂದವರಿಗೆ ೭೫೦ ಗಂಟೆ, ವೈಮಾನಿಕ ಪದವಿ ಪಡೆದವರಿಗೆ ೧೦೦೦ ಗಂಟೆ ಸಾಕೆಂದು ೨೦೧೩ರ ನಿಯಮವೇ ಹೇಳುತ್ತದೆ. ಶಿಕ್ಷಣದ ಗುಣವು ಗಂಟೆಗಳಿಗೆ ಬದಲಾಗಿ ನಿಲ್ಲಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇಕೆ?

ಈ ಗಂಟೆಗಳನ್ನು ತರುಣರು ಕೂಡಿಸುವ ಬಗೆಯನ್ನೂ ನೆನೆಯಬೇಕು. ಬಹುಮಂದಿ ಸಣ್ಣ ವಿಮಾನಗಳಲ್ಲಿ ಹೊಸಬರಿಗೆ ಪಾಠ ಹೇಳುತ್ತ, ಒಳ್ಳೆಯ ಹವೆಯಲ್ಲಿ, ಒಂದೇ ನಿಲ್ದಾಣವನ್ನು ಸುತ್ತುತ್ತ ಇವನ್ನು ಗಳಿಸುತ್ತಾರೆ. ಅದರಿಂದ ಲಾಭವಿಲ್ಲವೆಂದಲ್ಲ. ಆದರೆ ಗಾಣದ ಎತ್ತು ದಿನಕ್ಕೆ ಎಷ್ಟು ಹರದಾರಿ ನಡೆಯಿತೆಂಬ ಲೆಕ್ಕದಿಂದ ಅದು ಘಟ್ಟದ ದಾರಿಯಲ್ಲಿ ಬಂಡಿಯನ್ನು ಎಳೆಯಬಲ್ಲದೆಂದು ತಿಳಿಯಲಾಗದು.

೬

ಈ ಚರ್ಚೆ ನಮಗೆ ದೂರದ್ದಲ್ಲ. ಭಾರತದಲ್ಲಿ ವಾಣಿಜ್ಯ ಪರವಾನಗಿಗೆ ಬೇಕಾದುದು ೨೦೦ ಗಂಟೆಗಳ ಹಾರಾಟ. ಅದನ್ನು ಪಡೆದು ನಿರ್ದಿಷ್ಟ ವಿಮಾನದ ತರಬೇತಿಯನ್ನು ಮುಗಿಸಿದವರು ಸಹಚಾಲಕರಾಗಬಹುದು. ೨೦೧೦ರ ಮೇ ೨೨ರಂದು ಮಂಗಳೂರಿನಲ್ಲಿ ೧೫೮ ಮಂದಿ ಮೃತರಾದ ಅಪಘಾತದಲ್ಲಿ ಮುಖ್ಯ ಚಾಲಕನಿಗೆ ೧೦,೦೦೦ಕ್ಕೂ ಹೆಚ್ಚು ಗಂಟೆಗಳ ಅನುಭವವಿತ್ತು. ಇಳಿಯಬೇಡವೆಂದು ಎಚ್ಚರಿಸಿದವನು ಅವನಿಗಿಂತ ಕಡಮೆ ಅನುಭವದ ಸಹಚಾಲಕ. ಉಡಾನ್ ಯೋಜನೆಯ ಮೂಲಕ ಸಣ್ಣ ನಗರಗಳಿಗೂ ಪ್ರಾದೇಶಿಕ ವಿಮಾನ ಬಂದಿರುವ ನಾಡಿನಲ್ಲಿ, ಎಷ್ಟು ಗಂಟೆ ಹಾರಿದ್ದಾನೆ ಎಂಬುದರ ಜತೆಗೆ ಏನನ್ನು ಕಲಿತಿದ್ದಾನೆ, ಎಲ್ಲಿ ಎಡವಿದ್ದಾನೆ, ಎಡವಿದಾಗ ಅವನನ್ನು ತಿದ್ದಿದವರಾರು ಎಂಬ ಪ್ರಶ್ನೆಗಳನ್ನೂ ಕೇಳಬೇಕಾಗಿದೆ.

ಒಟ್ಟಿನಲ್ಲಿ ಕೊಲ್ಗನ್ ವರದಿ ಶ್ರದ್ಧೆಯಿಂದ ರಚಿತವಾದ, ಪ್ರಾಮಾಣಿಕವಾದ ದಾಖಲೆ. ಅದರ ಒಡಲಲ್ಲಿರುವ ತಿಳಿವು ಅದರ ನಿರ್ಣಯದ ವಾಕ್ಯಕ್ಕಿಂತ ಹಿರಿದು. ಅದರಿಂದ ಹುಟ್ಟಿದ ಕಾಯಿದೆ, ಜಾರಿಯಾದ ರೀತಿಯಲ್ಲಿ, ಆ ತಿಳಿವಿಗಿಂತ ಕಿರಿದು. ತರಗತಿಯಲ್ಲಿ ಹಾಜರಿಯ ದಿನಗಳನ್ನು ಎಣಿಸಿ ವಿದ್ಯೆಯನ್ನು ಅಳೆದೆವೆಂದು ಸಮಾಧಾನಪಡುವ ಅಧ್ಯಾಪಕರಾದ ನಮಗೂ ಈ ವರದಿಯಲ್ಲಿ ಕಲಿಯಬೇಕಾದ ಪಾಠವುಂಟು.