ಬೆಂಗೇರಿ ಬಾವುಟದ ಬ್ರೇಕ್-ಈವನ್

ಬ್ರೇಕ್-ಈವನ್ ಲೆಕ್ಕ ಬಿಡಿಸುವವರಲ್ಲಿ ಎರಡು ಜಾತಿ. ಸೂತ್ರಕ್ಕೆ ಅಂಕಿ ತುಂಬಿ, ಉತ್ತರದ ಕೆಳಗೆ ಜೋಡಿಗೆರೆ ಎಳೆದು ಎದ್ದುಹೋಗುವವರು ಒಂದು. ಉತ್ತರ ಬಂದ ಮೇಲೂ ಏಳದೆ, ಒಂದು ಅಂಕಿಯನ್ನು ತುಸು ಅಲುಗಿಸಿ ಏನೇನು ಉರುಳುತ್ತದೆಂದು ನೋಡುತ್ತ ಕೂರುವವರು ಇನ್ನೊಂದು. ಮಾರ್ಕ್ಸಿಗೆ ಮೊದಲನೆಯದೇ ಸಾಕು. ರುಚಿ ಇರುವುದು ಎರಡನೆಯದರಲ್ಲಿ.

ಪಠ್ಯಪುಸ್ತಕದ 'ಎಕ್ಸ್ ಕಂಪನಿ'ಯನ್ನು ಅಲ್ಲೇ ಬಿಟ್ಟು ಈ ವಾರ ಹುಬ್ಬಳ್ಳಿಯ ಬೆಂಗೇರಿಗೆ ಬನ್ನಿ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬಿಐಎಸ್ ಗುರುತಿನ ರಾಷ್ಟ್ರಧ್ವಜ ಮಾಡುವುದು ಇಲ್ಲೇ. ನೂಲು ಕೈಯದು, ನೇಯ್ಗೆ ಕೈಯದು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಆಗ ಸಂಘದವರು ಬೀದಿಗಿಳಿದರು. ಊರಲ್ಲಿ ಮಾತ್ರ ಒಂದು ಸಲಹೆ ಸುಲಭವಾಗಿ ಬರುತ್ತದೆ: "ಖಾದಿಯವರೂ ದರ ಒಂಚೂರು ಇಳಸ್ಲಿ ಬಿಡ್ರಿ."

ಇಳಿಸಿ ನೋಡೋಣ. ಅಂಕಿಗಳೆಲ್ಲ ನನ್ನ ಕಲ್ಪನೆ, ಸಂಘದ ಖಾತೆಪುಸ್ತಕದವಲ್ಲ.

ಖಾದಿ ಬಾವುಟದ ಬೆಲೆ 1,000 ರೂಪಾಯಿ. ಪ್ರತಿ ಬಾವುಟಕ್ಕೆ ಹತ್ತಿ, ಕೂಲಿ ಸೇರಿ 800. ಉಳಿಯುವುದು 200, ಇದೇ ಕಾಂಟ್ರಿಬ್ಯೂಷನ್. ವರ್ಷದ ಸ್ಥಿರ ವೆಚ್ಚ 10 ಲಕ್ಷವಾದರೆ 5,000 ಬಾವುಟ ಮಾರಿದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಯಂತ್ರದವನ ಬೆಲೆ 200, ಬಾವುಟವೊಂದಕ್ಕೆ ಖರ್ಚು 50, ಸ್ಥಿರ ವೆಚ್ಚ 30 ಲಕ್ಷ. ಅವನು 20,000 ಮಾರಬೇಕು. ಇಲ್ಲಿಗೆ ನಿಲ್ಲಿಸಿದರೆ ಖಾದಿಯದೇ ಹಗುರ ಅನ್ನಿಸುತ್ತದೆ.

ಈಗ ಇಬ್ಬರೂ ಶೇ 10 ಇಳಿಸಲಿ. ಯಂತ್ರದವನ ಕಾಂಟ್ರಿಬ್ಯೂಷನ್ 150ರಿಂದ 130ಕ್ಕೆ ಬರುತ್ತದೆ, ಬ್ರೇಕ್-ಈವನ್ ಸುಮಾರು 23,000ಕ್ಕೆ ಏರುತ್ತದೆ. ಖಾದಿಯ 200 ಅರ್ಧಕ್ಕರ್ಧ ಕರಗಿ 100 ಆಗುತ್ತದೆ. 5,000 ಇದ್ದದ್ದು ಸೀದಾ 10,000. ಕೈಕೆಲಸದ ಖರ್ಚು ಹೆಚ್ಚು ಮಾಡಿದಷ್ಟೂ ಹೆಚ್ಚುತ್ತದೆಯೇ ಹೊರತು ಹಂಚಿಹೋಗುವುದಿಲ್ಲ. ನೂರು ರೂಪಾಯಿ ಕಡಿಮೆಯಾಯಿತೆಂದು ಗಿರಾಕಿ ಇಮ್ಮಡಿಯಾಗುತ್ತಾರೆಯೇ? ಕಚೇರಿಯ ಕಂಬ ಒಂದೇ, ಅದಕ್ಕೆ ಬಾವುಟವೂ ಒಂದೇ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆದಿಲ್ಲ.

ಆದರೆ ಈ ಲೆಕ್ಕದಲ್ಲಿ ನನಗೆ ಅತಿ ಇಷ್ಟವಾದ ಅಂಕಿ ಇನ್ನೂ ಬಂದೇ ಇಲ್ಲ. ಬಾವುಟ ಹೆಚ್ಚು ಖರ್ಚಾಗುವುದು ಆಗಸ್ಟ್ 15 ಮತ್ತು ಜನವರಿ 26ರ ಹೊತ್ತಿಗೆ. ನೂಲುವವರ ಮನೆಯಲ್ಲಿ ಒಲೆ ದಿನಾ ಉರಿಯಬೇಕು. ಕೂಲಿ ಮೊದಲು, ಮಾರಾಟ ಆಮೇಲೆ. 800 ರೂಪಾಯಿ ಆರು ತಿಂಗಳು ಬಟ್ಟೆಯಾಗಿ ಕಪಾಟಿನಲ್ಲಿ ಕೂತರೆ, ವರ್ಷಕ್ಕೆ ಶೇ 12ರಂತೆ ಬಡ್ಡಿ 48. ದುಡಿಯುವ ಬಂಡವಾಳ ಎಂದು ಹೆಸರು, ಆದರೆ ಅದು ದುಡಿಯದೆ ಕೂತ ತಿಂಗಳುಗಳಿಗೇ ಈ ದಂಡ! 200ರಲ್ಲಿ ಉಳಿದದ್ದು 152. ಬ್ರೇಕ್-ಈವನ್ 6,579.

ಕೊಂಡವರು "ಉದ್ರಿ ಬರಕೊಳ್ರಿ" ಎಂದು ಇನ್ನೂ ಮೂರು ತಿಂಗಳು ದಾಟಿಸಿದರೆ ಮತ್ತೆ 24 ಹೋಯಿತು. ಉಳಿದದ್ದು 128. ದರ ಒಂದು ರೂಪಾಯಿಯೂ ಇಳಿಸದೆ 5,000 ಹೋಗಿ 7,813 ಆಗಿಬಿಟ್ಟಿತು. ಪೆನ್ಸಿಲ್ ಕೈಯಲ್ಲಿದ್ದವರು ಬಡ್ಡಿಯನ್ನು ಶೇ 15 ಮಾಡಿ ನೋಡಿ; 9,000 ದಾಟುತ್ತದೆ.